ಬಾವಿಕಟ್ಟೆಯ ಕಥೆ ಮತ್ತು ಪಂಡಿತಾ ರಮಾಬಾಯಿ

ನಮ್ಮ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ ಹರೆಯದಲ್ಲೇ ಕಂಡದ್ದು ಬರ ಮತ್ತು ಸಾವು. ಹಸಿವೆಗೆ ತಂದೆ, ತಾಯಿ, ಅಕ್ಕ ಬಲಿಯಾದರು. ಮುಂದೆ ಅಣ್ಣ, 1882ರಲ್ಲಿ ಗಂಡ. ಕೈಯಲ್ಲಿ ಎಳೆಗೂಸು. ಪುರಾಣಗಳು ಬಾಯಿಪಾಠವಿದ್ದವು, ಹೆಣ್ಣಿಗೆ ಮುಕ್ತಿ ಎಲ್ಲಿ ಎಂಬ ಪ್ರಶ್ನೆಗೆ ಅವರಿಗೆ ಅಲ್ಲಿ ಉತ್ತರ ಸಿಗಲಿಲ್ಲ.

ಇಂಗ್ಲೆಂಡಿನ ಫುಲ್ಹ್ಯಾಮ್‌ನಲ್ಲಿ, ಸಮಾಜ ‘ಕೆಟ್ಟವರು’ ಎಂದು ದೂಡಿದ ಹೆಂಗಸರನ್ನು ಕ್ರೈಸ್ತ ಸನ್ಯಾಸಿನಿಯರು ಆರೈಕೆ ಮಾಡುವುದನ್ನು ಕಂಡು ಬೆರಗಾದರು. ಕಾರಣ ಕೇಳಿದಾಗ ಒಬ್ಬ ಸನ್ಯಾಸಿನಿ ಓದಿ ಹೇಳಿದ್ದು ಯೋಹಾನನ ಸುವಾರ್ತೆಯ 4ನೇ ಅಧ್ಯಾಯ: ಬಾವಿಯ ಬಳಿ ಯೇಸು ನೀರು ಕೇಳಿದ ಸಮಾರ್ಯದ ಹೆಂಗಸಿನ ಕಥೆ. 1883ರಲ್ಲಿ ಮಗಳೊಂದಿಗೆ ದೀಕ್ಷಾಸ್ನಾನ ಪಡೆದರು.

ಹಾಗೆಂದು ಚರ್ಚು ಹೇಳಿದ್ದಕ್ಕೆಲ್ಲ ತಲೆಯಾಡಿಸಿದವರಲ್ಲ. ಶಿಲುಬೆಯ ಮೇಲೆ ಲ್ಯಾಟಿನ್ ಯಾಕೆ, ಸಂಸ್ಕೃತ ಯಾಕಾಗಬಾರದು ಎಂದು ವಾದಕ್ಕಿಳಿದರು. ನನಗೆ ಅವರು ಹೆಚ್ಚು ಇಷ್ಟವಾಗುವುದು ಇಲ್ಲಿಯೇ.

1896-97ರ ಬರದಲ್ಲಿ ನೂರಾರು ಹೆಣ್ಣುಮಕ್ಕಳನ್ನು ಕರೆತಂದು, ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ‘ಮುಕ್ತಿ’ ಆಶ್ರಮ ಕಟ್ಟಿದರು. ಹೆಚ್ಚು ಓದದ ಹೆಂಗಸಿಗೂ ತಿಳಿಯಬೇಕೆಂದು ಗ್ರೀಕ್, ಹೀಬ್ರೂ ಕಲಿತು ಬೈಬಲನ್ನು ಸರಳ ಮರಾಠಿಗೆ ತಂದರು. ಅಚ್ಚುಮೊಳೆ ಜೋಡಿಸಿದವರು ಆಶ್ರಮದ ಹೆಣ್ಣುಮಕ್ಕಳೇ. 1921ರಲ್ಲಿ ಮಗಳು ಮನೋರಮಾ ತೀರಿಕೊಂಡ ಮೇಲೂ ಕೆಲಸ ನಿಲ್ಲಲಿಲ್ಲ. 1922ರ ಏಪ್ರಿಲ್‌ನಲ್ಲಿ ರಮಾಬಾಯಿ ಕಣ್ಣುಮುಚ್ಚುವ ಹೊತ್ತಿಗೆ ಅನುವಾದ ಮುಗಿದಿತ್ತು.