ನಾಲ್ಕು ದಿಕ್ಕಿಗೂ ಒಂದೇ ಹೆಸರು

‘ಗದಗ’, ‘ಕನಕ’, ‘ವಿಕಟಕವಿ’ ಇವನ್ನು ಹಿಂದಿನಿಂದ ಓದಿದರೂ ಅದೇ ಪದ ಬರುತ್ತದೆಂದು ನಿಮಗೆ ಗೊತ್ತು. ಈಗ ಪುಸ್ತಕವನ್ನೇ ತಲೆಕೆಳಗು ಹಿಡಿಯಿರಿ. ‘ಗದಗ’ ಗದಗವಾಗಿ ಉಳಿಯುವುದಿಲ್ಲ. ಅಕ್ಷರಗಳ ಕ್ರಮ ತಿರುಗಿದರೂ ಪದ ಉಳಿಯುವುದು ಒಂದು ಚಮತ್ಕಾರ. ಅಕ್ಷರದ ಆಕಾರವೇ ತಿರುಗಿದರೂ ಪದ ಉಳಿಯುವುದು ಇನ್ನೊಂದು. ಈ ಎರಡನೆಯದಕ್ಕೆ ‘ಆಂಬಿಗ್ರಾಂ’ ಎಂಬ ಹೆಸರನ್ನು 1980ರ ದಶಕದಲ್ಲಿ ಬಳಕೆಗೆ ತಂದವರು ಅಮೆರಿಕದ ವಿಜ್ಞಾನಿ ಡಗ್ಲಸ್ ಹಾಫ್‌ಸ್ಟಾಡ್ಟರ್. ನಮ್ಮ ಕಸುಬಿನಲ್ಲಿ ತೆರೆಯ ಮೇಲೆ ಅಕ್ಷರ ತಲೆಕೆಳಗಾಗಿ ಬಂತೆಂದರೆ ಮೇಲಿನವರಿಂದ ಮೆಮೊ ಬರುತ್ತದೆ. ತಲೆಕೆಳಗಾಗಲೆಂದೇ ಅಕ್ಷರ ಬರೆದವರ ಕಥೆ ಹಾಗಾಗಿ ನನಗೆ ಅಚ್ಚುಮೆಚ್ಚು.

ಹೆಸರು ಹೊಸದಾದರೂ ಆಟ ಹಳೆಯದು. 1893ರಲ್ಲಿ ಅಮೆರಿಕದ ಚಿತ್ರಕಾರ ಪೀಟರ್ ನ್ಯೂಯೆಲ್, ತಿರುಗಿಸಿದರೆ ಬೇರೆಯೇ ಚಿತ್ರವಾಗುವ ಚಿತ್ರಗಳ ಪುಸ್ತಕವೊಂದನ್ನು ಹೊರತಂದ. ಅದರ ಕೊನೆಯಲ್ಲಿದ್ದ ‘ದಿ ಎಂಡ್’ ಎಂಬ ಬರಹ ತಿರುಗಿಸಿದೊಡನೆ ‘ಪಜಲ್’, ಅಂದರೆ ಒಗಟು, ಎಂದು ಓದಿಸುತ್ತಿತ್ತು. ಈ ವಿನೋದ ಮುಂದೆ ವ್ಯಾಪಾರಕ್ಕೂ ಇಳಿಯಿತು. 1969ರಲ್ಲಿ ಹೆಸರಾಂತ ವಿನ್ಯಾಸಕಾರ ರೇಮಂಡ್ ಲೋಯಿ ‘ನ್ಯೂಮ್ಯಾನ್’ ಎಂಬ ಫ್ರಾನ್ಸಿನ ಉಡುಪು ಕಂಪನಿಗೆ ಲಾಂಛನ ಬರೆದುಕೊಟ್ಟರು. ಅಂಗಿಯ ಪಟ್ಟಿಯ ಮೇಲೆ ಅದನ್ನು ಯಾವ ಕಡೆಯಿಂದ ಹೊಲಿದರೂ ಸರಿಯೇ! ಇಂಗ್ಲಿಷಿನ ಡಬ್ಲ್ಯು ತಿರುಗಿದರೆ ಎಂ, ಸಣ್ಣ ಇ ತಿರುಗಿದರೆ ಸಣ್ಣ ಎ. ಎನ್ ಹೇಗೂ ಎನ್. ಲೋಯಿ ಜಾಣರು ನಿಜ, ಆದರೆ ಅರ್ಧ ಕೆಲಸವನ್ನು ಆ ಹೆಸರೇ ಮಾಡಿತ್ತು.

ಅದೃಷ್ಟಕ್ಕಿಂತ ಲೆಕ್ಕಾಚಾರ ಹೆಚ್ಚಾಗಿರುವ ಲಾಂಛನ ಬೇಕಾದರೆ ‘ಸನ್ ಮೈಕ್ರೊಸಿಸ್ಟಮ್ಸ್’ ನೋಡಬೇಕು. 1982ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಆರಂಭವಾದ ಈ ಗಣಕಯಂತ್ರ ಕಂಪನಿಯ ಸ್ಥಾಪಕರಲ್ಲಿ ಭಾರತದಲ್ಲಿ ಹುಟ್ಟಿದ ವಿನೋದ್ ಖೋಸ್ಲಾ ಒಬ್ಬರು. ಹೆಸರಿಗೂ ಸೂರ್ಯನಿಗೂ ನಂಟಿಲ್ಲ. ಅದು ‘ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿ ನೆಟ್‌ವರ್ಕ್’ ಎಂಬುದರ ಮೊದಲಕ್ಷರಗಳು. ಲಾಂಛನ ರೂಪಿಸಿದವರು ವೃತ್ತಿಯ ಕಲಾವಿದರಲ್ಲ, ಸ್ಟ್ಯಾನ್‌ಫರ್ಡಿನ ಪ್ರಾಧ್ಯಾಪಕ ವಾಘನ್ ಪ್ರ್ಯಾಟ್. ದೊಡ್ಡ ಬರಹದೊಳಗೆ ಒಂದು ಪದವನ್ನು ವೇಗವಾಗಿ ಹುಡುಕುವ ವಿಧಾನವೊಂದನ್ನು 1977ರಲ್ಲಿ ಕ್ನೂತ್, ಮಾರಿಸ್ ಅವರೊಡನೆ ಪ್ರಕಟಿಸಿದವರು ಇವರೇ.

ಪೆನ್ಸಿಲ್ ಹಿಡಿಯಿರಿ. ಚೌಕಾಬಾರದಂತೆ ಒಂದು ಚೌಕ ಬರೆದು ನಾಲ್ಕು ಮನೆ ಮಾಡಿ. ಮೇಲಿನ ಬಲಮನೆಯಲ್ಲಿ ಇಂಗ್ಲಿಷಿನ ಸಣ್ಣ ಯು, ಅದಕ್ಕೊತ್ತಿ ಸಣ್ಣ ಎನ್ ಬರೆಯಿರಿ. ಎನ್ ಅಂದರೆ ತಲೆಕೆಳಗಾದ ಯು ತಾನೆ? ಇದೇ ಜೋಡಿಯನ್ನು ಕಾಲು ಸುತ್ತು ತಿರುಗಿಸಿ ಮೇಲಿನ ಎಡಮನೆಯಲ್ಲಿ ಬರೆಯಿರಿ. ಈಗ ಒಂದರ ಮೇಲೊಂದು ಕುಳಿತ ಎರಡು ಆಕಾರಗಳಲ್ಲಿ ಮೇಲಿನದು ಬಲಕ್ಕೆ ಬಾಯಿ ತೆರೆದಿದೆ, ಕೆಳಗಿನದು ಎಡಕ್ಕೆ. ಅದೇ ಎಸ್! ಎಡದಿಂದ ಓದಿ: ಎಸ್, ಯು, ಎನ್. ಕೆಳಗಿನ ಎಡಮನೆಗೆ ಮತ್ತೆ ಯು-ಎನ್, ಬಲಮನೆಗೆ ಎಸ್ ತುಂಬಿ ಹಾಳೆಯನ್ನು ತಿರುಗಿಸುತ್ತಾ ಹೋಗಿ. ನಾಲ್ಕೂ ಬದಿಯಿಂದ ‘ಸನ್’. ನಾಲ್ಕು ಪದಕ್ಕೆ ಹನ್ನೆರಡು ಅಕ್ಷರ ಬೇಕಿತ್ತು, ನೀವು ಬರೆದದ್ದು ಎಂಟೇ ಆಕಾರ. ಪ್ರತಿ ಮನೆಯೂ ಒಂದು ಬದಿಗೆ ಎಸ್, ಪಕ್ಕದ ಬದಿಗೆ ಯು-ಎನ್ ಆಗಿ ಎರಡು ಸಲ ದುಡಿಯುತ್ತದೆ. ಗಣಿತದ ಪಾಠದಲ್ಲಿ ಬರುವ ಪರಿಭ್ರಮಣ ಸಮಮಿತಿ ಎಂದರೆ ಇದೇ.

ಆರಂಭದಲ್ಲಿ ಈ ಚೌಕ ಕಿತ್ತಳೆ ಬಣ್ಣದ್ದಾಗಿ ನೆಟ್ಟಗೆ ಕುಳಿತಿತ್ತು. ಆಮೇಲೆ ಅದನ್ನು ಒಂದು ಮೂಲೆಯ ಮೇಲೆ ನಿಲ್ಲಿಸಿ ನೇರಳೆ, ಕೊನೆಗೆ ನೀಲಿ ಬಣ್ಣ ಕೊಟ್ಟರು. ಓರೆಯಾದ ಮೇಲೆ ಓದುವುದು ಕಷ್ಟವಾಯಿತೆಂದೇ ನನ್ನ ಅಭಿಪ್ರಾಯ. 1995ರಲ್ಲಿ ಸನ್ ಹೊರತಂದ ಜಾವಾ ಭಾಷೆಯನ್ನು ನಾನು ಬಿ.ಎಸ್ಸಿ.ಯಲ್ಲಿ ಕಲಿತೆ. ಪುಸ್ತಕದ ರಕ್ಷಾಪುಟದ ಮೇಲೆ ಆ ಲಾಂಛನ ದಿನವೂ ಕಾಣುತ್ತಿತ್ತು. ಆದರೂ ಅದೊಂದು ರಂಗೋಲಿಯೆಂದೇ ಎಷ್ಟೋ ತಿಂಗಳು ಎಣಿಸಿದ್ದೆ. ಪಕ್ಕದ ಬೆಂಚಿನ ಗೆಳೆಯ ಪುಸ್ತಕ ತಿರುಗಿಸಿ ತೋರಿಸಿದ ದಿನ ನಾಚಿಕೆಯೂ ಆಯಿತು, ಖುಷಿಯೂ ಆಯಿತು. ಓದಲಾಗದ ಹೆಸರು ಹಲಗೆಯ ಮೇಲಿದ್ದು ಏನು ಪ್ರಯೋಜನ ಎಂದು ನೀವು ವಾದಿಸಬಹುದು. ಆದರೆ ಒಮ್ಮೆ ಕಂಡ ಮೇಲೆ ಅದು ರಂಗೋಲಿಯಾಗಿ ಮತ್ತೆ ಕಾಣಲೇ ಇಲ್ಲ.

2010ರಲ್ಲಿ ಒರೇಕಲ್ ಕಂಪನಿ ಸನ್ ಅನ್ನು ಕೊಂಡುಕೊಂಡಿತು. ಲಾಂಛನ ಮರೆಗೆ ಸರಿಯಿತು. ಮೆನ್ಲೊ ಪಾರ್ಕಿನಲ್ಲಿ ಸನ್ ಬಿಟ್ಟುಹೋದ ಆವರಣಕ್ಕೆ 2011ರಲ್ಲಿ ಫೇಸ್‌ಬುಕ್ ಬಂತು. ಹೊಸಬರು ಹೆಬ್ಬಾಗಿಲಿನ ಹಳೆಯ ಹಲಗೆಯನ್ನು ಕಿತ್ತೆಸೆಯಲಿಲ್ಲ. ಅದನ್ನು ಹಿಂದುಮುಂದು ಮಾಡಿ, ಮುಂಭಾಗಕ್ಕೆ ತಮ್ಮ ಹೆಬ್ಬೆರಳಿನ ಗುರುತು ಹಾಕಿಕೊಂಡರು. ಹಲಗೆಯ ಬೆನ್ನಿನ ಕಡೆ ಹೋದವರಿಗೆ ಪ್ರ್ಯಾಟ್ ಅವರ ಎಂಟು ಆಕಾರಗಳು ಆಮೇಲೂ ಎಷ್ಟೋ ವರ್ಷ ಕಾಣುತ್ತಿದ್ದವು.