ಹವಳದ ತೊಟ್ಟಿಯ ಕೋಡಿಕೊಳವೆ

ಹವಳ ಸಾಕುವ ಅಕ್ವೇರಿಯಂನಲ್ಲಿ ನೀರು ಸದಾ ಹರಿಯುತ್ತಿರಬೇಕು. ಪಂಪು ಮೇಲಕ್ಕೆ ತಳ್ಳಿದಷ್ಟು ನೀರು ತೊಟ್ಟಿಯ ಅಂಚಿನಲ್ಲಿ ಕೋಡಿ ಬಿದ್ದು, ಕೊಳವೆಯಲ್ಲಿಳಿದು, ಕೆಳಗಿನ ಸಂಪನ್ನು ಸೇರುತ್ತದೆ. ನೀರಿಗೆ ಗಾಳಿ ಬೆರೆಸುವುದು ಹೇಗೆ ಎಂಬುದೇ ಮೊದಲ ನೂರು ವರ್ಷ ಸಾಕುವವರ ಚಿಂತೆಯಾಗಿತ್ತು. ಅದೇ ಗಾಳಿಯನ್ನು ಇಳಿಗೊಳವೆಯಿಂದ ಹೊರಗಿಡುವ ಚಿಂತೆ ಹುಟ್ಟಿದ್ದು ತೊಟ್ಟಿ ಮನೆಯ ಹಜಾರಕ್ಕೆ ಬಂದ ಮೇಲೆ.

1846ರಲ್ಲಿ ಆ್ಯನಾ ಥಿನ್ ಎಂಬ ಇಂಗ್ಲಿಷ್ ಮಹಿಳೆ ಟಾರ್ಕಿಯ ಕಡಲತಡಿಯಿಂದ ಕಲ್ಲುಹವಳಗಳನ್ನು ಲಂಡನ್ನಿಗೆ ತಂದರು. ಕಡಲು ದೂರ; ಇದ್ದ ನೀರನ್ನೇ ಕೆಡದಂತೆ ಉಳಿಸಿಕೊಳ್ಳಬೇಕಿತ್ತು. ತೆರೆದ ಕಿಟಕಿಯ ಮುಂದೆ ನಿಂತು ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತಿ ಸುರಿಯುವ ಕೆಲಸ ಮನೆಗೆಲಸದವಳ ಪಾಲಿಗೆ ಬಂತು. ಮನೆಯೊಳಗೆ ಹವಳವನ್ನು ಬದುಕಿಸಿಕೊಂಡ ಮೊದಲಿಗರಲ್ಲಿ ಥಿನ್ ಒಬ್ಬರು. ಅದರ ಅರ್ಧ ಶ್ರೇಯಸ್ಸು ಆ ಹೆಸರಿಲ್ಲದ ಕೆಲಸದವಳ ತೋಳುಗಳಿಗೆ ಸಲ್ಲಬೇಕು.

ಆ ತೋಳಿನ ಕೆಲಸವನ್ನು ಯಂತ್ರಕ್ಕೆ ವಹಿಸಿದವರು ವಿಲಿಯಂ ಆಲ್ಫರ್ಡ್ ಲಾಯ್ಡ್. 1864ರಲ್ಲಿ ಹ್ಯಾಂಬರ್ಗ್‌ನಲ್ಲಿ, 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಅವರು ರೂಪಿಸಿದ ಅಕ್ವೇರಿಯಂಗಳ ಕ್ರಮವೇ ಇಂದಿಗೂ ಉಳಿದಿದೆ. ನೆಲದಡಿಯ ಕತ್ತಲ ತೊಟ್ಟಿಯಲ್ಲಿ, ಪ್ರದರ್ಶನದ ತೊಟ್ಟಿಗಳಲ್ಲಿರುವುದಕ್ಕಿಂತ ಎಷ್ಟೋ ಪಾಲು ಹೆಚ್ಚು ಸಮುದ್ರದ ನೀರು ಇರುತ್ತಿತ್ತು. ಉಗಿಯಂತ್ರದ ಪಂಪು ಅದನ್ನು ಮೇಲೆತ್ತುತ್ತಿತ್ತು; ತುಂಬಿ ಹೆಚ್ಚಾದದ್ದು ತಾನಾಗಿ ಕೆಳಗಿಳಿಯುತ್ತಿತ್ತು. ಬೀಳುವ ನೀರು ಗುಳ್ಳೆಗಳನ್ನು ಎಳೆದೊಯ್ದಷ್ಟೂ ಒಳ್ಳೆಯದೆಂಬ ಕಾಲ ಅದು. ಅಂಥ ಭವನದಲ್ಲಿ ಸದ್ದಿನ ಬಗ್ಗೆ ದೂರುವವರೂ ಇರಲಿಲ್ಲ.

ಮನೆಯ ತೊಟ್ಟಿಗೆ ಸಂಪು ಬಂದದ್ದು ತಡವಾಗಿ. 1961ರಲ್ಲಿ ಜಕಾರ್ತದ ಲೀ ಚಿನ್ ಎಂಗ್ ಪ್ರಕಟಿಸಿದ ವಿಧಾನದಲ್ಲಿ ಜೀವಂತ ಬಂಡೆ ಮತ್ತು ಗಾಳಿಯ ಗುಳ್ಳೆ ಇದ್ದವೇ ಹೊರತು ಇಳಿಗೊಳವೆ ಇರಲಿಲ್ಲ. 1986ರಲ್ಲಿ ಜಾರ್ಜ್ ಸ್ಮಿಟ್ ಅಮೆರಿಕದ ಪತ್ರಿಕೆಯೊಂದರಲ್ಲಿ ಯುರೋಪಿನ ಪುಟ್ಟ ಹವಳದ ತೊಟ್ಟಿಗಳನ್ನು ಪರಿಚಯಿಸಿದ ಮೇಲೆ, ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ಸೋಸುವ ಪೆಟ್ಟಿಗೆ ಇಟ್ಟುಕೊಳ್ಳುವುದು ಅಲ್ಲಿ ರೂಢಿಯಾಯಿತು. ಅದರೊಂದಿಗೆ ಗುಳುಗುಳು ಸದ್ದೂ ಮನೆ ಹೊಕ್ಕಿತು. ಬಾಯ್ತೆರೆದ ಕೊಳವೆಗೆ ನೀರು ಸುಳಿ ಸುತ್ತುತ್ತಾ ಇಳಿಯುವಾಗ ಗಾಳಿಯನ್ನೂ ನುಂಗುತ್ತದೆ. ನೀರು ಒಮ್ಮೆ ಕೊಳವೆಯನ್ನು ಪೂರ್ತಿ ತುಂಬಿ ಸೈಫನ್ ಆಗಿ ಭರ್ರನೆ ಎಳೆಯುತ್ತದೆ, ಮತ್ತೆ ಗಾಳಿ ಹೊಕ್ಕು ಅದು ಮುರಿಯುತ್ತದೆ. ಇದು ಹಗಲಿರುಳೂ ನಡೆಯುತ್ತದೆ.

ಬಹಳ ಮಂದಿ ಹಿಡಿದ ಮೊದಲ ಪರಿಹಾರ ಡರ್ಸೊ ಕೊಳವೆ. ನಿಂತ ಪೈಪಿನ ತಲೆಗೊಂದು ಟೀ, ಅದರ ಪಕ್ಕದ ಬಾಯಿಗೆ ಕೆಳಮುಖವಾದ ಎಲ್ಬೋ, ಮೇಲಿನ ಕ್ಯಾಪಿನಲ್ಲೊಂದು ಸಣ್ಣ ತೂತು. ನೀರು ಮೇಲ್ಮೈಯ ಕೆಳಗಿನಿಂದ ಒಳಸೇರುತ್ತದೆ, ಗಾಳಿಗೆ ತೂತಿನ ದಾರಿ ಬೇರೆ. ಸದ್ದು ಬಹಳಷ್ಟು ಇಳಿಯಿತು. ಆದರೂ ಕೊಳವೆಯಲ್ಲಿ ನೀರು, ಗಾಳಿ ಒಟ್ಟಿಗೇ ಇಳಿಯುತ್ತಿದ್ದುದರಿಂದ ಸಂಪಿನಲ್ಲಿ ಗುಳ್ಳೆ ಏಳುವುದು, ಸುತ್ತ ಉಪ್ಪು ಕಟ್ಟುವುದು ತಪ್ಪಲಿಲ್ಲ.

ಗಾಳಿಯನ್ನು ಪೂರ್ತಿ ಹೊರಗಟ್ಟಿದ್ದು ಹರ್ಬಿ ವಿಧಾನ. ಮುಖ್ಯ ಕೊಳವೆಗೆ ಗೇಟ್ ವಾಲ್ವ್ ಕೂರಿಸಿ, ಪಂಪು ತಳ್ಳುವಷ್ಟೇ ನೀರು ಇಳಿಯುವಂತೆ ತಿರುವನ್ನು ಸ್ವಲ್ಪಸ್ವಲ್ಪವೇ ಬಿಗಿಯಬೇಕು. ಕಾಲು ಸುತ್ತಿಗೇ ಪೂರ್ತಿ ಮುಚ್ಚುವ ಬಾಲ್ ವಾಲ್ವ್‌ನಲ್ಲಿ ಈ ನಾಜೂಕು ಸಾಧ್ಯವಿಲ್ಲ. ಕೊಳವೆಯ ಕೆಳತುದಿ ಸಂಪಿನ ನೀರಿನಲ್ಲಿ ಒಂದಿಂಚಿನಷ್ಟೇ ಮುಳುಗಿರಬೇಕು. ಆಳವಾದರೆ ಕರೆಂಟು ಹೋಗಿ ಬಂದಾಗ ಒಳಗಿನ ಗಾಳಿ ಹೊರಬೀಳಲು ತಿಣುಕುತ್ತದೆ. ಹೊಂದಿಸಿದ ಕೊಳವೆ ನೀರಿನಿಂದ ಪೂರ್ತಿ ತುಂಬಿ ನಿಶ್ಶಬ್ದವಾಗಿ ಹರಿಯುತ್ತದೆ. ಎತ್ತರದಲ್ಲಿರುವ ಎರಡನೆಯ ಕೊಳವೆ ಆಪತ್ತಿಗೆ ಮೀಸಲು.

ಪಂಪಿನ ವೇಗ ಕೊಂಚ ಬದಲಾದರೂ ಈ ಸಮತೋಲ ತಪ್ಪುತ್ತದೆಂಬ ಕುಂದನ್ನು ನೀಗಿದ್ದು, 2000ದ ನಂತರ ಬಂದ ಬೀನ್‌ಆ್ಯನಿಮಲ್ ವಿನ್ಯಾಸದ ಮೂರು ಕೊಳವೆಗಳು. ಮೊದಲನೆಯದು ವಾಲ್ವ್ ಇರುವ ಸೈಫನ್. ಎರಡನೆಯದು ಹೆಚ್ಚುಕಡಿಮೆಯಾದ ತೆಳು ಧಾರೆಯನ್ನು ಗೋಡೆಗಂಟಿಸಿ ಸದ್ದಿಲ್ಲದೆ ಇಳಿಸುತ್ತದೆ. ಮೊದಲನೆಯದಕ್ಕೆ ಶಂಖದಹುಳು ಸಿಕ್ಕಿ ಕಟ್ಟಿಕೊಂಡರೆ ನೀರು ಏರಿ ಎರಡನೆಯದರ ಗಾಳಿನಳಿಕೆಯ ಬಾಯಿ ಮುಚ್ಚುತ್ತದೆ, ಅದೂ ಸೈಫನ್ ಆಗಿ ಪೂರ್ತಿ ನೀರನ್ನು ಹೊರುತ್ತದೆ. ವಿದ್ಯುತ್ತಿನ ಸೆನ್ಸರ್ ಒಂದೂ ಇಲ್ಲದೆ, ನೀರಿನ ಮಟ್ಟವೊಂದರಿಂದಲೇ ತನ್ನನ್ನು ತಾನು ಸರಿಪಡಿಸಿಕೊಳ್ಳುವ ಈ ಏರ್ಪಾಟು ಮನೆಯ ಅಕ್ವೇರಿಯಂಗೆ ಹವ್ಯಾಸಿಗಳು ಕೊಟ್ಟ ಅತ್ಯುತ್ತಮ ಕೊಡುಗೆಗಳಲ್ಲೊಂದು.

ಹವಳಕ್ಕೆ ಬೇಕಾದ ಗಾಳಿಯನ್ನು ಈಗ ಸಂಪಿನಲ್ಲಿರುವ ಪ್ರೋಟೀನ್ ಸ್ಕಿಮ್ಮರ್ ಬೆರೆಸುತ್ತದೆ. ಕೊಳವೆಗೆ ಉಳಿದಿರುವುದು ನೀರಿಳಿಸುವ ಕೆಲಸವೊಂದೇ. ಮೂರನೆಯ ಕೊಳವೆ ವರ್ಷವಿಡೀ ಒಣಗಿಯೇ ಇರುತ್ತದೆ. ಖರ್ಚು ಉಳಿಸಲು ಅದನ್ನು ಕೈಬಿಡುವವರಿದ್ದಾರೆ; ಬಿಡಬಾರದು. ಮೊದಲೆರಡೂ ಕಟ್ಟಿಕೊಂಡ ದಿನ ನೆಲಕ್ಕೆ ಹರಿಯಬೇಕಾದ ನೀರನ್ನು ಸಂಪಿಗೆ ಮುಟ್ಟಿಸುವುದು ಅದೊಂದೇ.