ಸ್ವಲೀನ ವಿದ್ಯಾರ್ಥಿಗಳ ಸೃಜನಶೀಲ ಬರವಣಿಗೆ

ಸ್ವಲೀನತೆ, ಅಂದರೆ ಆಟಿಸಂ ಇರುವವರಿಗೆ ಕಲ್ಪನೆ ಕಡಿಮೆ ಎಂಬ ನಂಬಿಕೆ ಬಹುಕಾಲ ಉಳಿದಿತ್ತು. 1979ರಲ್ಲಿ ಲಾರ್ನಾ ವಿಂಗ್ ಮತ್ತು ಜೂಡಿತ್ ಗೌಲ್ಡ್ ಗುರುತಿಸಿದ ಮೂರು ಕೊರತೆಗಳಲ್ಲಿ ಕಲ್ಪನೆಯ ಕೊರತೆಯೂ ಒಂದು. ಕಾಲೇಜು ಮೆಟ್ಟಿಲು ಹತ್ತಿದ ಸ್ವಲೀನರು ಬರೆದದ್ದನ್ನು ಓದಿದರೆ ಈ ನಂಬಿಕೆ ನಿಲ್ಲುವುದು ಕಷ್ಟ.

2002ರಲ್ಲಿ ಡಾನ್ ಪ್ರಿನ್ಸ್-ಹ್ಯೂಸ್ ಸಂಪಾದಿಸಿದ 'ಅಕ್ವಾಮರೀನ್ ಬ್ಲೂ 5' ಇಂಥ ವಿದ್ಯಾರ್ಥಿಗಳ ಆತ್ಮಕಥನಗಳ ಸಂಕಲನ. ಸಂಪಾದಕಿಯೂ ಸ್ವಲೀನರೇ.

ಡಿ. ಜೆ. ಸವರೀಸ್ ಅವರದು ಇನ್ನೂ ಗಟ್ಟಿಯಾದ ಉದಾಹರಣೆ. ಬಾಯಿಮಾತಿನ ಬದಲು ಟೈಪ್ ಮಾಡಿ ಸಂವಹನ ನಡೆಸುವ ಈ ಕವಿ ಅಮೆರಿಕದ ಓಬರ್ಲಿನ್ ಕಾಲೇಜಿನಲ್ಲಿ ಓದಿ 2017ರಲ್ಲಿ ಪದವಿ ಪಡೆದರು. ಅವರ ಬದುಕನ್ನು ಕುರಿತ 'ಡೀಜ್' ಸಾಕ್ಷ್ಯಚಿತ್ರಕ್ಕೆ ಪೀಬಾಡಿ ಪ್ರಶಸ್ತಿ ಬಂತು. ಅದರ ನಿರೂಪಣೆಯ ಮಾತುಗಳೂ ಅವರವೇ.

ಪುನರುಕ್ತಿ, ಪಟ್ಟಿ, ಕೇಳಿದ್ದನ್ನೇ ಮರುನುಡಿಯುವುದು ಇವು ವೈದ್ಯರಿಗೆ ಸ್ವಲೀನತೆಯ ಲಕ್ಷಣಗಳು. ವಿಮರ್ಶಕಿ ಜೂಲಿಯಾ ಮಿಯೆಲೆ ರೋಡಸ್ 2018ರ ತಮ್ಮ ಗ್ರಂಥದಲ್ಲಿ ಇವನ್ನೇ ಕಾವ್ಯಗುಣಗಳಾಗಿ ಓದುತ್ತಾರೆ. ಜನಪದ ಹಾಡು ಬಲ್ಲ ಕಿವಿಗೆ ಇದೇನೂ ವಿಚಿತ್ರವಲ್ಲ.

ವಿಶ್ವವಿದ್ಯಾಲಯದ ಹೊರಗೂ ಈ ಪರಂಪರೆಯಿದೆ. ಬಾಲ್ಯವನ್ನು ಮೈಸೂರು, ಬೆಂಗಳೂರುಗಳಲ್ಲಿ ಕಳೆದ ಸ್ವಲೀನ ಲೇಖಕ ಟೀಟೊ ಮುಖೋಪಾಧ್ಯಾಯರ ಮೊದಲ ಪುಸ್ತಕ 2000ದಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾಯಿತು. ಮುಂದೆ ಅವರು ಗ್ರಿನೆಲ್ ಕಾಲೇಜಿನ ಪ್ರಾಧ್ಯಾಪಕ ರಾಲ್ಫ್ ಸವರೀಸ್ ಜೊತೆ 'ಮೊಬಿ-ಡಿಕ್' ಕಾದಂಬರಿಯನ್ನು ಸ್ಕೈಪಿನಲ್ಲಿ ಓದಿ ಚರ್ಚಿಸಿದರು. ಟೀಟೊಗೆ ತಾಯಿ ಸೋಮಾ ಕಲಿಸಿದ ಅಕ್ಷರ ತೋರಿಸುವ ವಿಧಾನ ಮಾತ್ರ ಇಂದಿಗೂ ವಿವಾದದಲ್ಲಿದೆ: ಮೂಡುವ ಪದಗಳು ವಿದ್ಯಾರ್ಥಿಯವೇ ಎಂಬುದಕ್ಕೆ ಪುರಾವೆ ಸಾಲದೆಂದು ಅಮೆರಿಕದ ವಾಕ್-ಶ್ರವಣ ತಜ್ಞರ ಸಂಘ 2018ರಲ್ಲಿ ಅದನ್ನು ಶಿಫಾರಸು ಮಾಡಲು ನಿರಾಕರಿಸಿತು.